ಮಾನಿಟರ್ ಸರಿಯಿದೆ, ಸೆಟ್ಟಿಂಗ್ ನೋಡಿ

ಲ್ಯಾಪ್‌ಟಾಪಿಗೆ ಹೊಸ ಮಾನಿಟರ್ ಜೋಡಿಸಿದ ಮೊದಲ ಸಂಜೆ ಬಹಳ ಮನೆಗಳಲ್ಲಿ ಒಂದೇ ಥರ ಕಳೆಯುತ್ತದೆ. ಚಿತ್ರವೇನೋ ಬರುತ್ತದೆ, ಆದರೆ ಕೆಳಗಿನ ಟಾಸ್ಕ್‌ಬಾರ್ ಅರ್ಧ ಅಂಚಿನಾಚೆ ಹೋಗಿರುತ್ತದೆ. ಇಲ್ಲವೇ ಲ್ಯಾಪ್‌ಟಾಪಿನಲ್ಲಿ ಚೆಂದ ಕಂಡ ಫೋಟೊ ಇಲ್ಲಿ ಬೂದಿ ಬಳಿದಂತಿರುತ್ತದೆ. ಅಕ್ಷರ ಮಸುಕು. 144 ಹರ್ಟ್ಸ್ ಎಂದು ಹೆಚ್ಚು ದುಡ್ಡು ಕೊಟ್ಟು ತಂದ ಪರದೆ 60ರಲ್ಲೇ ಓಡುತ್ತಿದೆ. ಮೊದಲು ಕೇಬಲ್ ಬದಲಾಗುತ್ತದೆ, ಆಮೇಲೆ ಅಂಗಡಿಗೆ ಫೋನ್ ಹೋಗುತ್ತದೆ, ಕೊನೆಗೆ ಯಾರೋ ಬಲ್ಲವರು ‘ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ’ ಎನ್ನುತ್ತಾರೆ.

ಈ ಮೂರರಲ್ಲಿ ಒಂದೂ ಬೇಕಿಲ್ಲದ ಸಂದರ್ಭಗಳು ಸಾಕಷ್ಟಿವೆ. ಡ್ರೈವರ್ ಬದಲಿಸುವುದಲ್ಲ, ಈಗಾಗಲೇ ಇರುವ ಡ್ರೈವರ್ ಒಳಗೆ ಹೋಗಿ ಒಂದು ಆಯ್ಕೆ ಬದಲಿಸುವುದು ಅಲ್ಲಿ ನಿಜವಾದ ಪರಿಹಾರ. ಯಾವ ಆಯ್ಕೆ ಎಂದು ತಿಳಿಯಲು ತೊಂದರೆಯ ಲಕ್ಷಣ ನೋಡಿದರೆ ಸಾಕು.

ಕೇಬಲ್ಲಿನೊಳಗಿನ ಮಾತುಕತೆ

ಕೇಬಲ್ ಸಿಕ್ಕಿಸಿದ ಕೂಡಲೇ ಮಾನಿಟರ್ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಅದರೊಳಗೆ ಇಡಿಐಡಿ ಎಂಬ ಪುಟ್ಟ ಮಾಹಿತಿ ಪಟ್ಟಿ ಇರುತ್ತದೆ. ಮೂಲ ಭಾಗ ಬರೀ 128 ಬೈಟ್. ತಯಾರಕರು ಯಾರು, ಪರದೆಯ ಅಳತೆ ಏನು, ಯಾವ ಯಾವ ರೆಸಲ್ಯೂಷನ್ ಮತ್ತು ರಿಫ್ರೆಶ್ ರೇಟ್ ತಡೆದುಕೊಳ್ಳುತ್ತದೆ ಎಂಬ ವಿವರ ಅದರಲ್ಲಿದೆ. ಗ್ರಾಫಿಕ್ಸ್ ಡ್ರೈವರ್ ಅದನ್ನು ಓದಿ, ತನ್ನ ಚಿಪ್ ಮತ್ತು ಪೋರ್ಟಿನ ಶಕ್ತಿಯೊಂದಿಗೆ ತಾಳೆ ನೋಡಿ, ಎರಡಕ್ಕೂ ಹೊಂದುವ ಸಿಗ್ನಲ್ ಒಂದನ್ನು ಆರಿಸುತ್ತದೆ. ನಿಮ್ಮನ್ನು ಕೇಳುವುದಿಲ್ಲ.

ಎಡವಟ್ಟಾಗುವುದು ಇಲ್ಲೇ. ಎಚ್‌ಡಿಎಂಐ ರೂಪುಗೊಂಡಿದ್ದು ಟಿವಿಗಾಗಿ. ಸೋನಿ, ಫಿಲಿಪ್ಸ್, ತೋಷಿಬಾ, ಹಿಟಾಚಿಯಂಥ ಕಂಪನಿಗಳು ಸೇರಿ 2002ರಲ್ಲಿ ಅದರ ಮೊದಲ ಆವೃತ್ತಿ ತಂದವು, ಟಿವಿ ಕಾಲದ ರೂಢಿಗಳೂ ಅದರ ಬೆನ್ನಿಗೇ ಬಂದವು. 1920×1080, 60 ಹರ್ಟ್ಸ್ ಎಂಬುದು ಮಾನಿಟರಿನ ಅಳತೆಯೂ ಹೌದು, ಟಿವಿಯ ಅಳತೆಯೂ ಹೌದು. ಎಚ್‌ಡಿಎಂಐ ಮೂಲಕ ಆ ಅಳತೆ ಕಂಡರೆ ಎದುರಿಗಿರುವುದು ಟಿವಿಯೇ ಎಂದು ಡ್ರೈವರ್ ತೀರ್ಮಾನಿಸಿಬಿಡಬಹುದು. 1920×1200ರ ಮಾನಿಟರಿಗೆ ಈ ಕಾಟ ಕಡಿಮೆ, ಏಕೆಂದರೆ ಟಿವಿ ಅಳತೆಗಳ ಸಾಲಿನಲ್ಲಿ ಅದು ಇಲ್ಲ. ಕಂಪ್ಯೂಟರಿಗೆಂದೇ ಬಂದ ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸಿದರೂ ಕಡಿಮೆಯೇ. ಎರಡೂ ಪೋರ್ಟ್ ಇರುವವರು ಮೊದಲು ಅದನ್ನೇ ಪ್ರಯತ್ನಿಸುವುದು ಒಳ್ಳೆಯದು.

ಮೊದಲ ಪ್ರಶ್ನೆ: ಯಾವ ಚಿಪ್?

ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ಪ್ರೊಸೆಸರಿನೊಳಗೇ ಇರುವ ಇಂಟೆಲ್ ಅಥವಾ ಎಎಂಡಿ ಚಿಪ್ ಒಂದು, ಬೇರೆಯಾಗಿ ಕೂರಿಸಿದ ಎನ್‌ವಿಡಿಯಾ ಚಿಪ್ ಇನ್ನೊಂದು. ಎಚ್‌ಡಿಎಂಐ ಪೋರ್ಟ್ ಯಾವುದಕ್ಕೆ ಜೋಡಣೆಯಾಗಿದೆ ಎಂಬುದು ಮಾಡೆಲಿನಿಂದ ಮಾಡೆಲಿಗೆ ಬೇರೆ. ಪೋರ್ಟ್ ಇಂಟೆಲ್ ಚಿಪ್ಪಿನದಾಗಿದ್ದರೆ ಎನ್‌ವಿಡಿಯಾ ಪ್ಯಾನೆಲಿನಲ್ಲಿ ಆ ಮಾನಿಟರಿನ ಬಣ್ಣದ ಆಯ್ಕೆ ಎಷ್ಟು ಹುಡುಕಿದರೂ ಸಿಗದು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬ ದಾರಿಯಲ್ಲಿ ಹೋಗಿ. ಮೇಲಿನ ಪಟ್ಟಿಯಲ್ಲಿ ಹೊರಗಿನ ಮಾನಿಟರ್ ಆರಿಸಿದರೆ ಅದು ಯಾವ ಚಿಪ್ಪಿಗೆ ಜೋಡಣೆಯಾಗಿದೆ, ಈಗ ಯಾವ ರೆಸಲ್ಯೂಷನ್, ಎಷ್ಟು ಹರ್ಟ್ಸ್, ಯಾವ ಬಣ್ಣದ ಮಾದರಿ ಎಂಬುದೆಲ್ಲ ಒಂದೇ ಕಡೆ ಕಾಣುತ್ತದೆ. ಏನನ್ನೂ ಮುಟ್ಟುವ ಮೊದಲು ಈ ಪುಟದ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದೆ ಹಳೆಯ ಸ್ಥಿತಿಗೆ ಮರಳಬೇಕಾದರೆ ಬೇಕಾಗುವುದು ಇದೇ.

ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂಬ ಹೆಸರು ಕಂಡರೆ ನಿಜವಾದ ಡ್ರೈವರ್ ಕಂಪ್ಯೂಟರಿನಲ್ಲಿ ಇಲ್ಲವೆಂದೇ ಅರ್ಥ. ಅಂಥವರು ಮಾತ್ರ ನೇರವಾಗಿ ಲೇಖನದ ಕೊನೆಯ ಭಾಗಕ್ಕೆ ಹೋಗಬಹುದು.

ಡೆಸ್ಕ್‌ಟಾಪ್ ಬಳಸುವವರು ಕ್ಯಾಬಿನೆಟ್ಟಿನ ಹಿಂಬದಿಯನ್ನು ಒಮ್ಮೆ ನೋಡಬೇಕು. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡು, ಕೇಬಲನ್ನು ಮಾತ್ರ ಮದರ್‌ಬೋರ್ಡಿನ ಪೋರ್ಟಿಗೇ ಸಿಕ್ಕಿಸಿರುವುದು ಅಪರೂಪವೇನಲ್ಲ. ಇಂಟೆಲ್ ಪ್ರೊಸೆಸರಿನ ಹೆಸರು ‘ಎಫ್’ ಅಕ್ಷರದಿಂದ ಕೊನೆಯಾಗುತ್ತಿದ್ದರೆ ಅದರಲ್ಲಿ ಗ್ರಾಫಿಕ್ಸ್ ಚಿಪ್ ಇಲ್ಲ. ಮದರ್‌ಬೋರ್ಡಿನ ಪೋರ್ಟಿನಿಂದ ಚಿತ್ರವೇ ಬರುವುದಿಲ್ಲ.

ಚಿತ್ರವೇ ಬಾರದಿದ್ದರೆ

1. ಮಾನಿಟರಿನ ಬಟನ್ ಒತ್ತಿ, ಸರಿಯಾದ ಇನ್‌ಪುಟ್ ಆರಿಸಿದೆಯೇ ನೋಡಿ. ಎರಡು ಎಚ್‌ಡಿಎಂಐ ಪೋರ್ಟ್ ಇರುವ ಪರದೆಗಳಲ್ಲಿ ಇದು ಆಗಾಗ ತಪ್ಪುತ್ತದೆ.

2. ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ. ‘ಪಿಸಿ ಸ್ಕ್ರೀನ್ ಓನ್ಲಿ’ ಎಂದಿದ್ದರೆ ‘ಎಕ್ಸ್‌ಟೆಂಡ್’ ಮಾಡಿ.

3. ವಿಂಡೋಸ್, ಕಂಟ್ರೋಲ್, ಶಿಫ್ಟ್ ಕೀಗಳನ್ನು ಒಟ್ಟಿಗೆ ಹಿಡಿದು ‘ಬಿ’ ಒತ್ತಿ. ಪರದೆ ಕ್ಷಣಕಾಲ ಕಪ್ಪಾಗಿ ಮರಳುತ್ತದೆ. ತೆರೆದ ಫೈಲುಗಳಿಗೆ ಏನೂ ಆಗದಂತೆ ಗ್ರಾಫಿಕ್ಸ್ ಡ್ರೈವರ್ ಮಾತ್ರ ಮತ್ತೆ ಶುರುವಾಗುತ್ತದೆ. ನಿದ್ರೆಯಿಂದ ಎದ್ದ ಲ್ಯಾಪ್‌ಟಾಪ್ ಮಾನಿಟರನ್ನು ಮರೆತಿದ್ದರೆ ಇದೊಂದೇ ಸಾಕಾಗುತ್ತದೆ.

4. ಮಾನಿಟರನ್ನು ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿ. ಮೇಲೆ ಹೇಳಿದ ಪರಿಚಯದ ಮಾತುಕತೆ ಮೊದಲಿನಿಂದ ನಡೆಯುತ್ತದೆ.

ಯುಎಸ್‌ಬಿ-ಸಿ ಪೋರ್ಟ್ ಬಳಸುತ್ತಿದ್ದರೆ ಇನ್ನೊಂದು ವಿಷಯ. ಆಕಾರ ಒಂದೇ ಆದರೂ ಎಲ್ಲ ಯುಎಸ್‌ಬಿ-ಸಿ ಪೋರ್ಟುಗಳು ಚಿತ್ರ ಕಳಿಸುವುದಿಲ್ಲ. ಲ್ಯಾಪ್‌ಟಾಪಿನ ವಿವರಪಟ್ಟಿಯಲ್ಲಿ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅಥವಾ ಥಂಡರ್‌ಬೋಲ್ಟ್ ಎಂದಿರಬೇಕು. ಡಿಸ್‌ಪ್ಲೇಲಿಂಕ್ ತಂತ್ರಜ್ಞಾನದ ಡಾಕ್ ಆದರೆ ಅದಕ್ಕೆ ಪ್ರತ್ಯೇಕ ಡ್ರೈವರ್ ಹಾಕಬೇಕು. ಮ್ಯಾಕ್‌ಬುಕ್ ಏರ್‌ನ ಎಂ1, ಎಂ2 ಮಾದರಿಗಳಿಗೆ ನೇರವಾಗಿ ಜೋಡಿಸಬಹುದಾದ ಹೊರ ಮಾನಿಟರ್ ಒಂದೇ. ಎರಡನೆಯದು ಬಾರದಿದ್ದರೆ ಅದು ದೋಷವಲ್ಲ, ಚಿಪ್ಪಿನ ಮಿತಿ.

ಅಂಚು ಕತ್ತರಿಸಿದೆ, ಇಲ್ಲವೇ ಸುತ್ತ ಕಪ್ಪು ಚೌಕಟ್ಟು

ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳು ಚಿತ್ರವನ್ನು ಪರದೆಗಿಂತ ತುಸು ದೊಡ್ಡದಾಗಿ ಬಿಡಿಸಿ ಅಂಚುಗಳನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದವು. ಇದಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಟ್ಯೂಬು ಹೋಗಿ ಎಲ್‌ಇಡಿ ಬಂದರೂ ಈ ಅಭ್ಯಾಸ ಹಲವು ಟಿವಿಗಳಲ್ಲಿ ಉಳಿದಿದೆ. ಟಿವಿಯನ್ನೇ ಮಾನಿಟರ್ ಮಾಡಿಕೊಂಡವರಿಗೆ ಟಾಸ್ಕ್‌ಬಾರ್ ಕಾಣದಿರುವುದು ಈ ಕಾರಣಕ್ಕೆ.

ಇದನ್ನು ಸರಿಪಡಿಸಬೇಕಾದ ಜಾಗ ಟಿವಿ, ಡ್ರೈವರ್ ಅಲ್ಲ. ಟಿವಿಯ ಪಿಕ್ಚರ್ ಸೈಜ್ ಮೆನುವಿನಲ್ಲಿ ಎಲ್‌ಜಿಯವರು ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನವರು ‘ಸ್ಕ್ರೀನ್ ಫಿಟ್’, ಸೋನಿಯವರು ‘ಫುಲ್ ಪಿಕ್ಸೆಲ್’ ಎಂದು ಕರೆಯುವ ಆಯ್ಕೆ ಇರುತ್ತದೆ. ಕೆಲವು ಟಿವಿಗಳಲ್ಲಿ ಆ ಇನ್‌ಪುಟ್ಟಿಗೆ ‘ಪಿಸಿ’ ಎಂಬ ಹೆಸರು ಕೊಟ್ಟರೆ ಟಿವಿ ತಾನಾಗಿ ದಾರಿಗೆ ಬರುತ್ತದೆ.

ಟಿವಿಯಲ್ಲಿ ಆ ಆಯ್ಕೆ ಇಲ್ಲದಿದ್ದರೆ ಮಾತ್ರ ಡ್ರೈವರಿಗೆ ಬನ್ನಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲಿನಲ್ಲಿ ‘ಅಡ್ಜಸ್ಟ್ ಡೆಸ್ಕ್‌ಟಾಪ್ ಸೈಜ್ ಆ್ಯಂಡ್ ಪೊಸಿಷನ್’ ಪುಟದ ಸೈಜ್ ಭಾಗ, ಎಎಂಡಿಯ ಆ್ಯಡ್ರೆನಲಿನ್ ತಂತ್ರಾಂಶದಲ್ಲಿ ಡಿಸ್‌ಪ್ಲೇ ಪುಟದ ‘ಎಚ್‌ಡಿಎಂಐ ಸ್ಕೇಲಿಂಗ್’, ಇಂಟೆಲ್ ಗ್ರಾಫಿಕ್ಸ್ ಕಮಾಂಡ್ ಸೆಂಟರಿನಲ್ಲಿ ಡಿಸ್‌ಪ್ಲೇ ಪುಟದ ಸ್ಕೇಲ್ ಆಯ್ಕೆ. ಇವು ಚಿತ್ರವನ್ನೇ ಕುಗ್ಗಿಸಿ ಕಳಿಸುತ್ತವೆ, ಟಿವಿ ಅದನ್ನು ಮತ್ತೆ ಹಿಗ್ಗಿಸುತ್ತದೆ. ಶೇಕಡಾ 5 ಕುಗ್ಗಿಸಿದರೆ 1920×1080ರ ಚಿತ್ರ 1824×1026ಕ್ಕೆ ಇಳಿಯುತ್ತದೆ. ಟಾಸ್ಕ್‌ಬಾರ್ ಸಿಕ್ಕಿತು, ಅಕ್ಷರದ ಮೊನಚು ಹೋಯಿತು.

ಇದರ ತಿರುಗುಮುರುಗು ತೊಂದರೆಯೂ ಇದೆ. ಎಎಂಡಿಯ ಹಳೆಯ ಡ್ರೈವರುಗಳು ಎದುರಿಗಿರುವುದು ಟಿವಿ ಎಂದುಕೊಂಡು ಮುನ್ನೆಚ್ಚರಿಕೆಯಿಂದ ಚಿತ್ರವನ್ನು ಕುಗ್ಗಿಸಿಬಿಡುತ್ತಿದ್ದವು. ಮಾನಿಟರಿನಲ್ಲಿ ನಾಲ್ಕೂ ಕಡೆ ಕಪ್ಪು ಚೌಕಟ್ಟು ಬರುತ್ತಿತ್ತು. ಎಚ್‌ಡಿಎಂಐ ಸ್ಕೇಲಿಂಗ್ ಅನ್ನು ಸೊನ್ನೆಗೆ ತಂದರೆ ಅದು ಮಾಯ.

ಬಣ್ಣ ಪೇಲವವಾಗಿದ್ದರೆ

ಕಂಪ್ಯೂಟರ್ ಲೆಕ್ಕದಲ್ಲಿ ಕಪ್ಪು ಎಂದರೆ 0, ಬಿಳಿ ಎಂದರೆ 255. ಟಿವಿಯ ಲೆಕ್ಕ ಬೇರೆ: ಅಲ್ಲಿ ಕಪ್ಪು 16, ಬಿಳಿ 235. ಮೊದಲನೆಯದಕ್ಕೆ ‘ಫುಲ್’, ಎರಡನೆಯದಕ್ಕೆ ‘ಲಿಮಿಟೆಡ್’ ಎಂಬ ಹೆಸರು. ಡ್ರೈವರ್ ಲಿಮಿಟೆಡ್ ಲೆಕ್ಕದಲ್ಲಿ ಕಳಿಸಿ ಮಾನಿಟರ್ ಫುಲ್ ಲೆಕ್ಕದಲ್ಲಿ ಓದಿದರೆ 16 ಎಂಬುದು ಕಪ್ಪಾಗುವ ಬದಲು ಬೂದು ಬಣ್ಣವಾಗುತ್ತದೆ, ಬಿಳಿಯೂ ಮಂಕಾಗುತ್ತದೆ. ಅದಲುಬದಲಾದರೆ ಕತ್ತಲ ಭಾಗಗಳೆಲ್ಲ ಕಪ್ಪು ಮುದ್ದೆಯಾಗಿ, ಫೋಟೊದಲ್ಲಿನ ಕೂದಲ ಎಳೆ, ಕಪ್ಪು ಬಟ್ಟೆಯ ಮಡಿಕೆ ಕಾಣೆಯಾಗುತ್ತವೆ. ಬ್ರೈಟ್‌ನೆಸ್, ಕಾಂಟ್ರಾಸ್ಟ್ ತಿರುಗಿಸಿ ಇದನ್ನು ಸರಿಮಾಡಲು ಹೊರಟವರು ಇನ್ನಷ್ಟು ಕೆಡಿಸಿಕೊಳ್ಳುತ್ತಾರೆ.

ಎನ್‌ವಿಡಿಯಾ: ಕಂಟ್ರೋಲ್ ಪ್ಯಾನೆಲಿನಲ್ಲಿ ‘ಚೇಂಜ್ ರೆಸಲ್ಯೂಷನ್’ ತೆರೆಯಿರಿ. ರೆಸಲ್ಯೂಷನ್ ಪಟ್ಟಿ ಎರಡು ಗುಂಪಾಗಿರುತ್ತದೆ, ಮೇಲೆ ಟಿವಿ ಅಳತೆಗಳು, ಕೆಳಗೆ ‘ಪಿಸಿ’ ಅಳತೆಗಳು. 1920×1080 ಎರಡರಲ್ಲೂ ಇದ್ದರೆ ಕೆಳಗಿನದನ್ನು ಆರಿಸಿ. ಅದೇ ಪುಟದಲ್ಲಿ ‘ಯೂಸ್ ಎನ್‌ವಿಡಿಯಾ ಕಲರ್ ಸೆಟ್ಟಿಂಗ್ಸ್’ ಗುರುತು ಹಾಕಿ, ಔಟ್‌ಪುಟ್ ಕಲರ್ ಫಾರ್ಮ್ಯಾಟ್ ‘ಆರ್‌ಜಿಬಿ’, ಡೈನಮಿಕ್ ರೇಂಜ್ ‘ಫುಲ್’ ಮಾಡಿ.

ಎಎಂಡಿ: ಆ್ಯಡ್ರೆನಲಿನ್‌ನ ಡಿಸ್‌ಪ್ಲೇ ಪುಟದಲ್ಲಿ ‘ಪಿಕ್ಸೆಲ್ ಫಾರ್ಮ್ಯಾಟ್’. ನಾಲ್ಕು ಆಯ್ಕೆಗಳಲ್ಲಿ ಆರ್‌ಜಿಬಿ 4:4:4, ಪಿಸಿ ಸ್ಟ್ಯಾಂಡರ್ಡ್, ಫುಲ್ ಎಂದಿರುವುದು ನಿಮಗೆ ಬೇಕಾದ್ದು.

ಇಂಟೆಲ್: ಡಿಸ್‌ಪ್ಲೇ ವಿಭಾಗದಲ್ಲಿ ‘ಕ್ವಾಂಟೈಸೇಷನ್ ರೇಂಜ್’. ಡೀಫಾಲ್ಟ್‌ನಿಂದ ಫುಲ್‌ಗೆ ಬದಲಿಸಿ. ಕಮಾಂಡ್ ಸೆಂಟರ್ ಬದಲು ಇಂಟೆಲ್ ಗ್ರಾಫಿಕ್ಸ್ ಸಾಫ್ಟ್‌ವೇರ್ ಎಂಬ ಹೊಸ ತಂತ್ರಾಂಶ ಬಂದಿರುವ ಯಂತ್ರಗಳಲ್ಲಿ ಮೆನುವಿನ ಜಾಗ ತುಸು ಬೇರೆಯಿರಬಹುದು.

ಟಿವಿ ಆದರೆ ಎರಡೂ ಬದಿ ಹೊಂದಬೇಕು. ಡ್ರೈವರಿನಲ್ಲಿ ಫುಲ್ ಮಾಡಿ ಟಿವಿಯನ್ನು ಲಿಮಿಟೆಡ್‌ನಲ್ಲೇ ಬಿಟ್ಟರೆ ಕಪ್ಪು ಮುದ್ದೆಯ ತೊಂದರೆ ಶುರು. ಟಿವಿಯಲ್ಲಿ ಈ ಆಯ್ಕೆ ‘ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್’ ಅಥವಾ ಅಂಥದ್ದೇ ಹೆಸರಿನಲ್ಲಿ ಇರುತ್ತದೆ. ಇಡೀ ಪರದೆ ಗುಲಾಬಿ, ಹಸಿರು ಬಣ್ಣಕ್ಕೆ ತಿರುಗಿದ್ದರೆ ಮಾನಿಟರಿನ ‘ಇನ್‌ಪುಟ್ ಕಲರ್ ಫಾರ್ಮ್ಯಾಟ್’ ತಪ್ಪಾಗಿದೆ. ಡೆಲ್ ಮಾನಿಟರುಗಳ ಮೆನುವಿನಲ್ಲಿ ಇದು ಎದ್ದು ಕಾಣುತ್ತದೆ, ಅದನ್ನು ಆರ್‌ಜಿಬಿ ಮಾಡಿ.

ಇನ್ನೂ ಪೇಲವವೇ? ಹಾಗಾದರೆ ಎಚ್‌ಡಿಆರ್ ಆನ್ ಆಗಿದೆಯೇ ನೋಡಿ. ವಿಂಡೋಸ್, ಆಲ್ಟ್, ‘ಬಿ’ ಒಟ್ಟಿಗೆ ಒತ್ತಿದರೆ ಅದು ಆನ್, ಆಫ್ ಆಗುತ್ತದೆ. ಹೆಸರಿಗಷ್ಟೇ ಎಚ್‌ಡಿಆರ್ ಇರುವ ಅಗ್ಗದ ಮಾನಿಟರುಗಳಲ್ಲಿ ಆಫ್ ಇಡುವುದೇ ವಾಸಿ.

ಕನ್ನಡ ಓದುವವರಿಗೆ ಮೊದಲು ಕಾಣುವ ದೋಷ

ಮಸುಕು ಅಕ್ಷರ ಎಲ್ಲರಿಗೂ ಕಿರಿಕಿರಿ, ಆದರೆ ಕನ್ನಡದಲ್ಲಿ ಪುಟ ಕಟ್ಟುವವರಿಗೆ, ಕರಡು ತಿದ್ದುವವರಿಗೆ ಅದು ಕೆಲಸ ಕೆಡಿಸುವ ದೋಷ. ‘ಪ’ ಮತ್ತು ‘ಫ’, ‘ದ’ ಮತ್ತು ‘ಧ’, ‘ಬ’ ಮತ್ತು ‘ಭ’ಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಚಿಕ್ಕ ಫಾಂಟಿನಲ್ಲಿ ಅದರ ದಪ್ಪ ಒಂದು ಪಿಕ್ಸೆಲ್ ಇದ್ದರೆ ಹೆಚ್ಚು. ಒತ್ತಕ್ಷರವಂತೂ ಇನ್ನೂ ಕಿರಿದು. ಒಂದು ಪಿಕ್ಸೆಲ್ ಪಕ್ಕದ್ದರೊಂದಿಗೆ ಕಲೆತರೂ ಮಹಾಪ್ರಾಣ ಅಲ್ಪಪ್ರಾಣವಾಗಿ ಕಾಣುತ್ತದೆ.

ಮೂರು ಕಾರಣಗಳನ್ನು ಒಂದರ ನಂತರ ಒಂದರಂತೆ ನೋಡಿ.

1. ರೆಸಲ್ಯೂಷನ್ ಪರದೆಯ ಸ್ವಂತ ಅಳತೆಗೆ ಸರಿಯಿದೆಯೇ? ಪಟ್ಟಿಯಲ್ಲಿ ‘ರೆಕಮೆಂಡೆಡ್’ ಎಂದಿರುವುದನ್ನೇ ಆರಿಸಿ. ಅಕ್ಷರ ಚಿಕ್ಕದೆನಿಸಿದರೆ ರೆಸಲ್ಯೂಷನ್ ಇಳಿಸಬೇಡಿ, ಸ್ಕೇಲ್ ಅನ್ನು ಶೇಕಡಾ 125 ಅಥವಾ 150ಕ್ಕೆ ಏರಿಸಿ. ‘ಡೂಪ್ಲಿಕೇಟ್’ ಮಾಡಿದಾಗ ಎರಡೂ ಪರದೆಗಳು ಒಂದೇ ಅಳತೆ ಹಂಚಿಕೊಳ್ಳಬೇಕಾಗುವುದರಿಂದ ಒಂದರಲ್ಲಿ ಮಸುಕು ಬರುವುದು ಸಹಜ, ‘ಎಕ್ಸ್‌ಟೆಂಡ್’ ಮಾಡಿ. ‘ಎಚ್‌ಡಿ ರೆಡಿ’ ಎಂದು ಮಾರಾಟವಾದ 32 ಇಂಚಿನ ಟಿವಿಗಳಲ್ಲಿ ಸಾಮಾನ್ಯವಾಗಿ ಇರುವುದು 1366×768 ಪಿಕ್ಸೆಲ್. ಅವು 1080ರ ಸಿಗ್ನಲನ್ನು ಒಪ್ಪಿಕೊಂಡು ಒಳಗೆ ಕುಗ್ಗಿಸುತ್ತವೆ. ಯಾವ ಡ್ರೈವರೂ ಇದನ್ನು ಪೂರ್ತಿ ಸರಿಮಾಡದು. ಸಿನಿಮಾಕ್ಕೆ ಆದೀತು, ಕರಡು ತಿದ್ದಲು ಬೇಡ.

2. ಬಣ್ಣದ ಮಾಹಿತಿ ಪೂರ್ತಿ ಬರುತ್ತಿದೆಯೇ? 4:4:4 ಎಂದರೆ ಪ್ರತಿ ಪಿಕ್ಸೆಲಿಗೂ ಅದರದೇ ಬಣ್ಣ. 4:2:2ರಲ್ಲಿ ಅಕ್ಕಪಕ್ಕದ ಎರಡು ಪಿಕ್ಸೆಲ್, 4:2:0ರಲ್ಲಿ ನಾಲ್ಕು ಪಿಕ್ಸೆಲ್ ಒಂದೇ ಬಣ್ಣದ ಮಾಹಿತಿ ಹಂಚಿಕೊಳ್ಳುತ್ತವೆ. ಬೆಳಕಿನ ಮಾಹಿತಿ ಪೂರ್ತಿ ಇರುವುದರಿಂದ ಬಿಳಿ ಮೇಲಿನ ಕಪ್ಪು ಅಕ್ಷರ ಸರಿಯಾಗಿಯೇ ಕಾಣುತ್ತದೆ, ನೀಲಿ ಮೇಲೆ ಕೆಂಪು ಅಕ್ಷರ ಕದಡುತ್ತದೆ. ಪರೀಕ್ಷೆಗೆ ನೀಲಿ ಹಿನ್ನೆಲೆಯಲ್ಲಿ ಕೆಂಪಕ್ಷರದ ‘ಫಲಪುಷ್ಪ’ ಬರೆದು ನೋಡಿದರೆ ಗೊತ್ತಾಗುತ್ತದೆ. ಎಚ್‌ಡಿಎಂಐ 2.0ರ ಸಾಮರ್ಥ್ಯ ಸೆಕೆಂಡಿಗೆ 18 ಗಿಗಾಬಿಟ್. 4ಕೆ, 60 ಹರ್ಟ್ಸ್, 8 ಬಿಟ್ ಆರ್‌ಜಿಬಿ ಅದರಲ್ಲಿ ಹಿಡಿಯುತ್ತದೆ, 10 ಬಿಟ್ ಹಿಡಿಯುವುದಿಲ್ಲ. ಆಗ ಬಣ್ಣ 4:2:2ಕ್ಕೆ ಇಳಿಯುತ್ತದೆ. ಡ್ರೈವರಿನಲ್ಲಿ ಬಿಟ್ ಸಂಖ್ಯೆಯನ್ನು 8ಕ್ಕೆ ತಂದು ಆರ್‌ಜಿಬಿ ಆರಿಸಿದರೆ ಅಕ್ಷರ ಮತ್ತೆ ಸ್ಪಷ್ಟ.

3. ಟಿವಿಯ ಶಾರ್ಪ್‌ನೆಸ್ ಇಳಿಸಿದ್ದೀರಾ? ಅದು ಹೆಚ್ಚಿದ್ದಷ್ಟೂ ಅಕ್ಷರದ ಸುತ್ತ ಬಿಳಿ ಅಂಚು ಮೂಡುತ್ತದೆ. ಕೊನೆಯಲ್ಲಿ ವಿಂಡೋಸ್‌ನ ‘ಕ್ಲಿಯರ್‌ಟೈಪ್’ ಹೊಂದಾಣಿಕೆಯನ್ನು ಹೊರಗಿನ ಮಾನಿಟರಿಗೂ ಒಮ್ಮೆ ಮಾಡಿಸಿ.

ಹರ್ಟ್ಸ್ ಸಿಗದಿದ್ದಾಗ

144 ಹರ್ಟ್ಸ್ ಮಾನಿಟರನ್ನೂ ವಿಂಡೋಸ್ 60ರಲ್ಲಿ ಶುರುಮಾಡಿ ಅಲ್ಲೇ ಬಿಡುವುದುಂಟು. ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲಿ ರಿಫ್ರೆಶ್ ರೇಟ್ ಬದಲಿಸಿದರೆ ಆಯಿತು. ಪಟ್ಟಿಯಲ್ಲಿ 144 ಇಲ್ಲವೇ ಇಲ್ಲವೆಂದರೆ ಪೋರ್ಟಿನ ಮಿತಿ ಅನುಮಾನಿಸಿ. ಎಚ್‌ಡಿಎಂಐ 1.4ರಲ್ಲಿ 4ಕೆ ಸಾಗುವುದು 30 ಹರ್ಟ್ಸ್‌ನಲ್ಲಿ ಮಾತ್ರ, ಮೌಸ್ ಎಳೆದಾಗ ತಡವರಿಸುವುದು ಕಣ್ಣಿಗೇ ಕಾಣುತ್ತದೆ. 2560×1440, 144 ಹರ್ಟ್ಸ್‌ಗೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು. ಕೆಲವು 4ಕೆ ಟಿವಿಗಳಲ್ಲಿ ಪೋರ್ಟಿನ ಪೂರ್ಣ ಶಕ್ತಿಯನ್ನು ಟಿವಿ ಮೆನುವಿನಲ್ಲೇ ಆನ್ ಮಾಡಬೇಕು. ಎಲ್‌ಜಿಯಲ್ಲಿ ‘ಡೀಪ್ ಕಲರ್’, ಸೋನಿಯಲ್ಲಿ ‘ಎನ್‌ಹಾನ್ಸ್ಡ್ ಫಾರ್ಮ್ಯಾಟ್’ ಎಂಬ ಹೆಸರು ಹುಡುಕಿ.

ಪರದೆ ಆಗಾಗ ಎರಡು ಸೆಕೆಂಡು ಕಪ್ಪಾಗಿ ಮರಳುತ್ತಿದ್ದರೆ ಡ್ರೈವರ್ ಸೆಟ್ಟಿಂಗನ್ನೇ ತಪಾಸಣೆಗೆ ಬಳಸಬಹುದು. ರಿಫ್ರೆಶ್ ರೇಟನ್ನು 144ರಿಂದ 100ಕ್ಕೋ 60ಕ್ಕೋ ಇಳಿಸಿ ಅರ್ಧ ಗಂಟೆ ಕೆಲಸ ಮಾಡಿ. ಕಪ್ಪಾಗುವುದು ನಿಂತರೆ ಕೇಬಲ್ ಆ ವೇಗ ತಡೆಯುತ್ತಿಲ್ಲ. ಹೊಸ ಕೇಬಲಿಗೆ ದುಡ್ಡು ಕೊಡಬೇಕಾದ ಸಂದರ್ಭ ಇದು, ಇದಕ್ಕೂ ಮೊದಲು ಅಲ್ಲ.

ಸರಿಯಾದ ರೆಸಲ್ಯೂಷನ್ನೇ ಪಟ್ಟಿಯಲ್ಲಿಲ್ಲ

1024×768ಕ್ಕಿಂತ ಮೇಲೆ ಏರುತ್ತಿಲ್ಲವೆಂದರೆ ಮಾನಿಟರಿನ ಪರಿಚಯ ಡ್ರೈವರಿಗೆ ತಲುಪಿಲ್ಲ. ಹಳೆಯ ವಿಜಿಎ ಕೇಬಲ್ಲಿನ 12 ಮತ್ತು 15ನೇ ಪಿನ್ನುಗಳು ಆ ಮಾಹಿತಿ ಒಯ್ಯುತ್ತವೆ. ಪಿನ್ ಬಾಗಿದ್ದರೆ, ಇಲ್ಲವೇ ನಡುವಿನ ಕನ್ವರ್ಟರ್ ಆ ಮಾಹಿತಿ ದಾಟಿಸದಿದ್ದರೆ ಚಿತ್ರ ಬರುತ್ತದೆ, ಪರಿಚಯ ಬರುವುದಿಲ್ಲ. ಮೊದಲು ಕನ್ವರ್ಟರ್ ಬಿಟ್ಟು ನೇರ ಜೋಡಿಸಿ ನೋಡಿ. ಆಗದಿದ್ದರೆ ಎನ್‌ವಿಡಿಯಾದಲ್ಲಿ ‘ಕಸ್ಟಮೈಸ್’, ಎಎಂಡಿಯಲ್ಲಿ ‘ಕಸ್ಟಮ್ ರೆಸಲ್ಯೂಷನ್ಸ್’ ಮೂಲಕ ಅಳತೆಯನ್ನು ಕೈಯಾರೆ ಸೇರಿಸಬಹುದು.

ಎಚ್ಚರಿಕೆ: ಮಾನಿಟರಿನ ಕೈಪಿಡಿಯಲ್ಲಿ ಬರೆದ ಅಳತೆ ಮತ್ತು ಹರ್ಟ್ಸ್ ಮೀರಬೇಡಿ. ಪರದೆ ಕಪ್ಪಾದರೆ ಗಾಬರಿಯಾಗಿ ಸ್ವಿಚ್ ಆರಿಸಬೇಡಿ, ಯಾವ ಬಟನ್ನನ್ನೂ ಒತ್ತಬೇಡಿ. ವಿಂಡೋಸ್ 15 ಸೆಕೆಂಡು ಕಾದು, ಒಪ್ಪಿಗೆ ಸಿಗದಿದ್ದರೆ ತಾನೇ ಹಳೆಯ ಸ್ಥಿತಿಗೆ ಮರಳುತ್ತದೆ.

ಜನ ಸಾಮಾನ್ಯವಾಗಿ ಮಾಡುವ ತಪ್ಪು

ಒಂದೇ ಸಲ ನಾಲ್ಕು ಆಯ್ಕೆ ಬದಲಿಸುವುದು ಎಲ್ಲಕ್ಕಿಂತ ದೊಡ್ಡದು. ಸರಿಹೋದರೂ ಯಾವುದರಿಂದ ಎಂದು ತಿಳಿಯದು, ಕೆಟ್ಟರಂತೂ ಮರಳುವ ದಾರಿಯೇ ಗೊತ್ತಿರದು. ಇನ್ನೊಂದು, ಕನ್ವರ್ಟರಿನ ದಿಕ್ಕು ನೋಡದೆ ಕೊಳ್ಳುವುದು. ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವುದು ಬೇರೆ, ವಿಜಿಎಯಿಂದ ಎಚ್‌ಡಿಎಂಐಗೆ ಬರುವುದು ಬೇರೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ‘ಕಂಪ್ಯೂಟರಿನಲ್ಲಿ ಇದು, ಮಾನಿಟರಿನಲ್ಲಿ ಅದು’ ಎಂದು ಬಿಡಿಸಿ ಹೇಳಿಯೇ ಕೇಳಿ. ‘ನಿಮ್ಮ ಎಲ್ಲ ಡ್ರೈವರುಗಳೂ ಹಳೆಯವಾಗಿವೆ’ ಎಂದು ಹೆದರಿಸುವ ಉಚಿತ ತಂತ್ರಾಂಶಗಳ ಹತ್ತಿರವಂತೂ ಸುಳಿಯಲೇಬೇಡಿ.

ಕೊನೆಗೆ ಡ್ರೈವರ್

ಇಷ್ಟೆಲ್ಲ ಆದಮೇಲೂ ತೊಂದರೆ ಉಳಿದಿದ್ದರೆ, ಅಥವಾ ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ಶುರುವಾಗಿದ್ದರೆ, ಡ್ರೈವರ್ ಮುಟ್ಟುವ ಹೊತ್ತು ಬಂದಿದೆ.

1. ಅಪ್‌ಡೇಟ್ ನಂತರ ಕೆಟ್ಟಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ಸ್ ಅಡಿಯಲ್ಲಿ ನಿಮ್ಮ ಚಿಪ್ ಆರಿಸಿ, ಪ್ರಾಪರ್ಟೀಸ್‌ನ ಡ್ರೈವರ್ ಭಾಗದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಹಳೆಯ ಡ್ರೈವರ್ ಉಳಿದಿಲ್ಲದಿದ್ದರೆ ಆ ಬಟನ್ ಮಂಕಾಗಿರುತ್ತದೆ.

2. ಹೊಸದಾಗಿ ಹಾಕುವುದಾದರೆ ಲ್ಯಾಪ್‌ಟಾಪಿಗೆ ಮೊದಲು ಅದರ ತಯಾರಕರ ತಾಣದಲ್ಲಿ, ಆಮೇಲೆ ಇಂಟೆಲ್, ಎಎಂಡಿ, ಎನ್‌ವಿಡಿಯಾ ತಾಣದಲ್ಲಿ ಹುಡುಕಿ. ಹಳೆಯದನ್ನು ತೆಗೆಯುವ ಮೊದಲೇ ಹೊಸದನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

3. ಇಂಟರ್‌ನೆಟ್ ಕಳಚಿ. ಇಲ್ಲದಿದ್ದರೆ ನೀವು ತೆಗೆದ ಜಾಗಕ್ಕೆ ವಿಂಡೋಸ್ ತನ್ನ ಬಳಿಯಿರುವ ಡ್ರೈವರ್ ತಂದು ಕೂರಿಸುತ್ತದೆ.

4. ಡಿವೈಸ್ ಮ್ಯಾನೇಜರಿನಲ್ಲಿ ‘ಅನ್‌ಇನ್‌ಸ್ಟಾಲ್’ ಮಾಡುವಾಗ ಡ್ರೈವರನ್ನೂ ತೆಗೆಯುವ ಚೌಕಕ್ಕೆ ಗುರುತು ಹಾಕಿ, ರೀಸ್ಟಾರ್ಟ್ ಮಾಡಿ ಹೊಸದನ್ನು ಹಾಕಿ.

ಬೇರುಸಹಿತ ತೆಗೆಯಲು ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ಸಾಧನವಿದೆ, ಅದನ್ನು ಸೇಫ್ ಮೋಡಿನಲ್ಲಿ ನಡೆಸಬೇಕು. ಆದರೆ ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿರುವ ಯಂತ್ರ ಸೇಫ್ ಮೋಡಿಗೆ ಹೋಗುವಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ಕೈಯಲ್ಲಿಲ್ಲದೆ ಮುಂದುವರಿದರೆ ಮಾನಿಟರಿನ ತೊಂದರೆ ಕಂಪ್ಯೂಟರಿನ ತೊಂದರೆಯಾಗಿ ಬೆಳೆಯುತ್ತದೆ. ಕಚೇರಿಯ ಲ್ಯಾಪ್‌ಟಾಪ್ ಆದರೆ ಈ ಕೆಲಸವನ್ನು ಐಟಿ ವಿಭಾಗಕ್ಕೇ ಬಿಡಿ.

ದೋಷ ನಿಜಕ್ಕೂ ಮಾನಿಟರಿನದೇ ಎಂದು ಅನುಮಾನವಿದ್ದರೆ ಅದರ ಬಟನ್ ಒತ್ತಿ ಮೆನು ತೆರೆಯಿರಿ. ಆ ಮೆನುವನ್ನು ಬಿಡಿಸುವುದು ಮಾನಿಟರ್ ತಾನೇ, ಡ್ರೈವರಿಗೂ ಕೇಬಲ್ಲಿಗೂ ಅದರಲ್ಲಿ ಪಾಲಿಲ್ಲ. ಹಿಂದಿನ ಚಿತ್ರ ಹಾಳಾಗಿದ್ದರೂ ಮೆನು ಸ್ವಚ್ಛವಾಗಿದ್ದರೆ ಪರದೆ ಕೆಟ್ಟಿರುವ ಸಾಧ್ಯತೆ ಕಡಿಮೆ. ಮೆನುವಿನ ಮೇಲೂ ಅದೇ ಗೆರೆ, ಅದೇ ಕಲೆ ಕಂಡರೆ ಅದರ ಫೋಟೊ ತೆಗೆದು, ಬಿಲ್ಲಿನ ಜೊತೆ ವಾರಂಟಿಗೆ ಕಳಿಸಿ.